ಜಗಲಿಯ ಎತ್ತರ

ನಮ್ಮ ಕಡೆಯವರಿಗೆ ಟೌನ್‌ಹಾಲ್ ಎಂದರೆ ತುಮಕೂರಿನ ಒಂದು ಸರ್ಕಲ್ಲು. ಯಾವುದೋ ಸಂಘಟನೆಯ ಮೈಕು ಕೂಗುತ್ತಿರುತ್ತದೆ, ಪೊಲೀಸರು ಗಾಡಿಗಳನ್ನು ಬೇರೆ ರಸ್ತೆಗೆ ತಿರುಗಿಸುತ್ತಿರುತ್ತಾರೆ, ಬಸ್ಸಿನೊಳಗಿನವರು ಕತ್ತು ಚಾಚಿ "ಇವತ್ತು ಯಾರ್ದು?" ಎಂದು ಕೇಳುತ್ತಾರೆ. ಆ ಹೆಸರು ಮೂಲದಲ್ಲಿ ಒಂದು ಕಟ್ಟಡದ್ದು ಎಂಬುದು ಎಷ್ಟೋ ಜನಕ್ಕೆ ನೆನಪಿಗೇ ಬರುವುದಿಲ್ಲ. ಕಳ್ಳಂಬೆಳ್ಳದಂಥ ಹೋಬಳಿ ಊರಿನಲ್ಲಿ ಟೌನ್‌ಹಾಲಿನ ಕೆಲಸವನ್ನು ನಾಡಕಚೇರಿ, ಗ್ರಾಮ ಪಂಚಾಯಿತಿ, ಪೊಲೀಸ್ ಠಾಣೆಗಳು ಹಂಚಿಕೊಂಡಿವೆ. ಇವು ಬರುವುದಕ್ಕೆ ಮುಂಚೆ ಸುತ್ತಲಿನ ಹಳ್ಳಿಗಳಲ್ಲಿ ಕಂದಾಯ, ನ್ಯಾಯ, ಕಾವಲು, ಡಂಗುರ ಎಲ್ಲಕ್ಕೂ ಇದ್ದದ್ದು ಒಂದೇ ಸೂರು. ಅದು ಚಾವಡಿ.

ಹಳೆ ಮೈಸೂರು ಸೀಮೆಯ ಚಾವಡಿ ಮತ್ತು ಕಚೇರಿಗಳನ್ನು ನಾನು ಪಿಎಚ್‌ಡಿ ಸಂಶೋಧನೆಗೆ ಆಯ್ದುಕೊಂಡು ಮೂರು ವರ್ಷವಾಯಿತು. ವಿಷಯ ಕೇಳಿದವರು ಸಾಮಾನ್ಯವಾಗಿ "ನಾಲ್ಕು ಕಲ್ಲುಕಂಬ, ಮೇಲೊಂದು ಮಾಳಿಗೆ, ಅದರಲ್ಲೇನಿದೆ ಬರೆಯೋಕೆ" ಎನ್ನುತ್ತಾರೆ. ಅಳತೆ ಟೇಪು ಹಿಡಿದು ಊರೂರು ತಿರುಗಿದ ಮೇಲೆ ನನಗೂ ಕಂಬ, ಬೋದಿಗೆ, ತೊಲೆಗಳ ಬಗ್ಗೆ ಹೇಳುವುದಕ್ಕಿಂತ ಬೇರೊಂದು ಪ್ರಶ್ನೆಯೇ ದೊಡ್ಡದಾಗಿ ಕಾಣತೊಡಗಿದೆ. ಒಂದು ಕಟ್ಟಡ ತಪ್ಪು ಮಾಡಬಲ್ಲುದೇ? ನಮ್ಮ ಹಿರಿಯರು ಇದಕ್ಕೆ ಕೊಡುವ ಉತ್ತರ ಸಿದ್ಧವಾಗಿಯೇ ಇದೆ. ಕಲ್ಲೇನು ಮಾಡೀತು, ಮಾಡಿದವರು ಜನ. ಕಾಲ ಹಾಗಿತ್ತು, ಜನ ಹಾಗಿದ್ದರು, ಈಗ ಕಾಲವೂ ಇಲ್ಲ ಜನವೂ ಇಲ್ಲ, ಪಾಪದ ಕಟ್ಟಡವನ್ನು ಯಾಕೆ ಬೈಯುತ್ತೀಯ?

ಈ ಉತ್ತರದಲ್ಲಿ ಒಂದು ಅನುಕೂಲವಿದೆ. ಇದನ್ನು ಒಪ್ಪಿಕೊಂಡರೆ ಯಾರೂ ಯಾವುದಕ್ಕೂ ಜವಾಬು ಕೊಡಬೇಕಿಲ್ಲ. ಮಾಡಿದವರು ಸತ್ತಿದ್ದಾರೆ, ಉಳಿದದ್ದು ಕಲ್ಲು. ಆದರೆ ನಿಯಮಗಳು ಹೋಗುವಷ್ಟು ಬೇಗ ಕಟ್ಟಡಗಳು ಹೋಗುವುದಿಲ್ಲ. ಕಳ್ಳಂಬೆಳ್ಳ ಒಂದು ಕಾಲಕ್ಕೆ ವಿಧಾನಸಭಾ ಕ್ಷೇತ್ರದ ಹೆಸರಾಗಿತ್ತು. 2008ರ ಕ್ಷೇತ್ರ ಪುನರ್ವಿಂಗಡಣೆಯಲ್ಲಿ ಆ ಕ್ಷೇತ್ರವೇ ಇಲ್ಲವಾಯಿತು. ಕಾಗದದ ಮೇಲೆ ಒಂದು ಗೆರೆ ಎಳೆದರೆ ಸಾಕಾಯಿತು. ಪಟೇಲಿಕೆ, ಶಾನುಭೋಗಿಕೆ, ತೋಟಿ, ತಳವಾರಿಕೆಗಳನ್ನು 1961ರ ಗ್ರಾಮ ಹುದ್ದೆಗಳ ರದ್ದತಿ ಕಾಯ್ದೆ ಹೀಗೆಯೇ ಕಾಗದದ ಮೇಲೆ ಮುಗಿಸಿತು. ಪಟೇಲರು ಕೂರುತ್ತಿದ್ದ ಜಗಲಿ ಮಾತ್ರ ಅಲ್ಲೇ ಇದೆ, ಅಷ್ಟೇ ಎತ್ತರದಲ್ಲಿ. ಕಾಯ್ದೆ ಬಂದ ಮೇಲೆ ಹುಟ್ಟಿದ ಮಕ್ಕಳಿಗೂ ಅದರ ಎದುರು ಎಲ್ಲಿ ನಿಲ್ಲಬೇಕೆಂದು ಯಾರೂ ಹೇಳಿಕೊಡಬೇಕಾಗಿ ಬರಲಿಲ್ಲ.

ನಮ್ಮೂರಿನ ಚಾವಡಿಯ ಜಗಲಿ ಮೂರು ಅಡಿ ಎರಡು ಅಂಗುಲ. ಅದರ ಮೇಲೆ ಚಕ್ಕಳಮಕ್ಕಳ ಹಾಕಿ ಕೂತವನ ತಲೆ ನೆಲದಿಂದ ಸುಮಾರು ಐದು ಮುಕ್ಕಾಲು ಅಡಿ ಮೇಲಿರುತ್ತದೆ. ಎಂದರೆ ಅಂಗಳದಲ್ಲಿ ನೆಟ್ಟಗೆ ನಿಂತ ಸಾಮಾನ್ಯ ಎತ್ತರದ ಮನುಷ್ಯ, ಮೇಲೆ ಆರಾಮಾಗಿ ಕೂತವನಿಗಿಂತ ಕುಳ್ಳ. ಕಟ್ಟಿದ ಮೇಸ್ತ್ರಿಗೆ ಇದು ಗೊತ್ತಿತ್ತೇ? ಗೊತ್ತಿರಲಿಕ್ಕಿಲ್ಲ. ಜಗಲಿಯನ್ನು ಎತ್ತರಿಸಲು ಒಳ್ಳೆಯ ಕಾರಣಗಳೇ ಇವೆ. ಮಳೆ ನೀರು ಒಳಗೆ ನುಗ್ಗಬಾರದು, ದನ ಹತ್ತಬಾರದು, ಹುಳಹುಪ್ಪಟೆ ಬರಬಾರದು, ಗಾಡಿಯಿಂದ ರಾಗಿ ಮೂಟೆ ಇಳಿಸುವವನಿಗೆ ಬೆನ್ನು ಬಗ್ಗಿಸದೆ ಸರಿಸುವಂತಿರಬೇಕು. ನನ್ನ ಮಾರ್ಗದರ್ಶಕರು ಇದನ್ನು ಪ್ರತಿ ಬಾರಿಯೂ ನೆನಪಿಸುತ್ತಾರೆ, ಅವರು ಹೇಳುವುದು ಸರಿಯೇ. ಆದರೆ ಒಳ್ಳೆಯ ಕಾರಣಕ್ಕೆ ಕಟ್ಟಿದ ಎತ್ತರ ಬೇರೆ ಕೆಲಸಕ್ಕೂ ಒದಗಿತು. ದನಕ್ಕೆಂದು ಮಾಡಿದ ಅಡ್ಡಿ ಮನುಷ್ಯರಿಗೂ ಅಡ್ಡಿಯಾಯಿತು, ಮತ್ತು ಹಾಗೆ ಆಗಿದ್ದು ಯಾರಿಗೂ ವಿಶೇಷವೆನಿಸಲಿಲ್ಲ.

ನಮ್ಮ ತಾತ ಆ ಜಗಲಿಯ ಮೇಲೆ ಕೂರುತ್ತಿದ್ದವರು. ನನ್ನ ಜೊತೆ ಹೈಸ್ಕೂಲಿನಲ್ಲಿ ಓದಿದ ಗೆಳೆಯನೊಬ್ಬನ ತಾತ ಅದೇ ಊರಿನ ತೋಟಿ. ಪಟೇಲರ ಅಪ್ಪಣೆಯನ್ನು ಊರಿಗೆ ಮುಟ್ಟಿಸುವುದು, ತಮಟೆ ಹೊಡೆದು ಸಭೆ ಕರೆಯುವುದು, ತಾಲ್ಲೂಕು ಕಚೇರಿಗೆ ಕಾಗದ ಹೊತ್ತು ನಡೆಯುವುದು ಅವರ ಕೆಲಸ. ಅವರಿಲ್ಲದೆ ಚಾವಡಿ ಒಂದು ದಿನವೂ ನಡೆಯುತ್ತಿರಲಿಲ್ಲ. ಚಾವಡಿಯ ಅಂಗಳ ಗುಡಿಸುತ್ತಿದ್ದವರೂ ಅವರೇ. ಜಗಲಿ ಗುಡಿಸಲು ಬೇರೆಯವರಿದ್ದರು. ಸರ್ಕಾರದ ಒಂದು ತುದಿ ಅವರೇ ಆಗಿದ್ದರೂ ಸರ್ಕಾರ ಕೂರುವ ಜಾಗಕ್ಕೆ ಅವರು ಹತ್ತುವಂತಿರಲಿಲ್ಲ. ಮೂರು ಅಡಿಯ ಆಚೆ ನಿಂತು, ಹೆಗಲ ಮೇಲಿನ ಟವೆಲನ್ನು ಕಂಕುಳಿಗೆ ತೆಗೆದುಕೊಂಡು, ಹೇಳಿದ್ದನ್ನು ಕೇಳಿಸಿಕೊಂಡು ಹೊರಡುವುದು ಅಷ್ಟೇ.

ಹೋಲಿಸಿ ನೋಡೋಣವೆಂದು ಬೇರೆ ದೇಶಗಳ ಪುರಭವನಗಳ ಬಗ್ಗೆ ಓದುತ್ತಿದ್ದಾಗ ಸ್ಪೇನಿನ ವಸಾಹತುಗಳ ಕಬಿಲ್ದೊ ಕಣ್ಣಿಗೆ ಬಿತ್ತು. ಲ್ಯಾಟಿನ್ ಅಮೆರಿಕದ ಊರುಗಳಲ್ಲಿ ನಗರಸಭೆಗೂ ಅದು ಕೂರುವ ಕಟ್ಟಡಕ್ಕೂ ಇದೇ ಹೆಸರು. ಅದು ನನ್ನನ್ನು ಹಿಡಿದು ನಿಲ್ಲಿಸಿದ್ದಕ್ಕೆ ಕಾರಣವಿದೆ. ನಮ್ಮ ಚಾವಡಿ ಎಲ್ಲಿರಬೇಕು, ಹೇಗಿರಬೇಕು ಎಂದು ಯಾರೂ ಬರೆದಿಡಲಿಲ್ಲ. ರೂಢಿಯೇ ಅದರ ನಕ್ಷೆ. ಸ್ಪೇನಿನವರದು ತದ್ವಿರುದ್ಧ. 1573ರಲ್ಲಿ ದೊರೆ ಎರಡನೇ ಫಿಲಿಪ್ ಹೊರಡಿಸಿದ ಕಟ್ಟಳೆಗಳಲ್ಲಿ, ಇನ್ನೂ ಹುಟ್ಟದ ಊರುಗಳಿಗೆ ಮೊದಲೇ ನಕ್ಷೆಯಿದೆ. ನಡುವೆ ಒಂದು ಚೌಕ, ಅದರ ಉದ್ದ ಅಗಲದ ಒಂದೂವರೆಪಟ್ಟು. ಚೌಕದ ಆಸುಪಾಸಿನಲ್ಲಿ ಚರ್ಚು, ದೊರೆಯ ಮನೆ, ಸುಂಕದ ಮನೆ, ಕಬಿಲ್ದೊ. ಚೌಕದ ಸುತ್ತಲೂ ಕಮಾನುಗಳ ಪಡಸಾಲೆ ಇರಬೇಕು, ಯಾಕೆಂದರೆ ವ್ಯಾಪಾರಕ್ಕೆ ಬರುವವರಿಗೆ ಅದರಿಂದ ಅನುಕೂಲ. ನೆರಳನ್ನು ಕಾನೂನಿನಲ್ಲಿ ಬರೆದಿಟ್ಟ ಈ ಸಾಲನ್ನು ಓದಿದಾಗ, ಶಿರಾದ ಏಪ್ರಿಲ್ ಬಿಸಿಲು ಕಂಡ ನನಗೆ ಸ್ವಲ್ಪ ಹೊಟ್ಟೆಕಿಚ್ಚೇ ಆಯಿತು.

ನೆರಳು ಎಲ್ಲರಿಗೂ ಇತ್ತು, ಮಾತು ಇರಲಿಲ್ಲ. ಸಾಮಾನ್ಯವಾಗಿ ಕಬಿಲ್ದೊ ಎರಡಂತಸ್ತಿನದು. ಕೆಳಗೆ ಕಮಾನು, ಮೇಲೆ ಚೌಕಕ್ಕೆ ಮುಖ ಮಾಡಿದ ಉಪ್ಪರಿಗೆ. ಸಭೆ ನಡೆಯುವುದು ಮೇಲೆ. ಬಹಳ ಕಡೆ ಸೆರೆಮನೆಯೂ ಅದೇ ಕಟ್ಟಡದಲ್ಲಿ, ಕೆಳಗಿನ ಮಜಲಿನಲ್ಲಿ. ಸಭೆಯ ಸ್ಥಾನಗಳನ್ನು ಹದಿನಾರನೆಯ ಶತಮಾನದ ಕೊನೆಯ ಹೊತ್ತಿಗೆ ದೊರೆಯ ಬೊಕ್ಕಸಕ್ಕಾಗಿ ಮಾರತೊಡಗಿದ್ದರು. ಕೊಂಡವರು ಮಕ್ಕಳಿಗೆ ಬಿಟ್ಟು ಹೋಗುತ್ತಿದ್ದರು. ನಮ್ಮ ಪಟೇಲಿಕೆ ವಂಶದಿಂದ ಬಂತು, ಅವರದು ದುಡ್ಡಿನಿಂದ ಬಂದು ವಂಶಕ್ಕೆ ಹೋಯಿತು. ಮೂಲನಿವಾಸಿಗಳ ಊರುಗಳಿಗೆ ಬೇರೆಯೇ ಕಬಿಲ್ದೊ ಇತ್ತು. ಅವರನ್ನು ಬೇರೆಯೇ ಗಣರಾಜ್ಯವೆಂದು ಕರೆದು, ಸ್ಪೇನಿನವರ ಊರಿನಿಂದ ಹೊರಗಿಟ್ಟಿದ್ದರು. ಊರು ಒಂದು ಕಡೆ, ಕೇರಿ ಒಂದು ಕಡೆ. ಇದನ್ನು ಅರ್ಥಮಾಡಿಕೊಳ್ಳಲು ನಮಗೆ ಅನುವಾದಕರು ಬೇಕಿಲ್ಲ.

ಆದರೂ ಆ ಕಟ್ಟಡಕ್ಕೆ ಒಂದು ದಿನ ಬಂತು. 1810ರ ಮೇ 22ರಂದು ಬ್ಯೂನಸ್ ಐರಿಸ್‌ನ ಕಬಿಲ್ದೊದಲ್ಲಿ ಬಹಿರಂಗ ಸಭೆ ಸೇರಿತು. ಸ್ಪೇನಿನ ದೊರೆ ನೆಪೋಲಿಯನ್ನನ ಸೆರೆಯಲ್ಲಿದ್ದಾನೆ, ಅವನ ಹೆಸರಿನಲ್ಲಿ ಆಳುತ್ತಿದ್ದವರೂ ಬಿದ್ದುಹೋದರು ಎಂದ ಮೇಲೆ ಇಲ್ಲಿನ ಅಧಿಕಾರಿಗೆ ಅಧಿಕಾರ ಬಂದದ್ದು ಎಲ್ಲಿಂದ ಎಂಬುದು ಪ್ರಶ್ನೆ. ಮೂರು ದಿನದ ನಂತರ ಅಲ್ಲಿನ ಆಡಳಿತ ಸ್ಥಳೀಯರ ಕೈಗೆ ಬಂತು, ಅರ್ಜೆಂಟೀನಾ ತನ್ನ ಹುಟ್ಟನ್ನು ಅಲ್ಲಿಂದ ಎಣಿಸುತ್ತದೆ. ಬಹಿರಂಗ ಸಭೆ ಎಂದೆ. ಅದಕ್ಕೆ ಸುಮಾರು 450 ಜನಕ್ಕೆ ಓಲೆ ಹೋಗಿತ್ತು, ಬಂದವರು ಸುಮಾರು 250. ಊರಿನ ಜನಸಂಖ್ಯೆ ನಲವತ್ತು ಸಾವಿರದ ಆಸುಪಾಸು. ಹೆಂಗಸರಿಗೆ, ಗುಲಾಮರಿಗೆ ಓಲೆ ಇರಲಿಲ್ಲ. ಕೆಳಗೆ ಚೌಕದಲ್ಲಿ ಮಳೆಯಲ್ಲಿ ನಿಂತವರು ಒಳಗೇನು ನಡೆಯುತ್ತಿದೆ ನಮಗೂ ತಿಳಿಸಿ ಎಂದು ಕೂಗಿದರೆಂದು ಅಲ್ಲಿನವರು ಕಥೆ ಹೇಳುತ್ತಾರೆ.

ಆ ಕಟ್ಟಡಕ್ಕೆ ಮುಂದೆ ಆದದ್ದೂ ಸ್ವಾರಸ್ಯವಾಗಿದೆ. ಮುಂಭಾಗದಲ್ಲಿ ಹನ್ನೊಂದು ಕಮಾನುಗಳಿದ್ದವು. 1889ರಲ್ಲಿ ಹೊಸ ಹೆದ್ದಾರಿಗಾಗಿ ಒಂದು ಕಡೆಯ ಮೂರನ್ನು ಕೆಡವಿದರು, 1931ರಲ್ಲಿ ಇನ್ನೊಂದು ರಸ್ತೆಗಾಗಿ ಮತ್ತೊಂದು ಕಡೆಯ ಮೂರನ್ನು. ಉಳಿದದ್ದು ಐದು. ರಸ್ತೆ ಅಗಲೀಕರಣಕ್ಕೆ ಮನೆ ಕಳೆದುಕೊಂಡವರಿಗೆ ಈ ಲೆಕ್ಕ ಹೊಸದಲ್ಲ. 1940ರ ಹೊತ್ತಿಗೆ ದೇಶಕ್ಕೆ ತನ್ನ ಹುಟ್ಟಿದ ಮನೆ ನೆನಪಾಗಿ, ಅಳಿದುಳಿದದ್ದನ್ನು ಹಳೆಯ ರೂಪಕ್ಕೆ ತಂದು ವಸ್ತುಸಂಗ್ರಹಾಲಯ ಮಾಡಿದರು. ಹಾಗೆ ಜೀರ್ಣೋದ್ಧಾರವಾದದ್ದು ಯಾವ ಕಬಿಲ್ದೊ? ಸೀಟು ಮಾರಿದ ಕಬಿಲ್ದೊ, ಕೆಳಗೆ ಸೆರೆಮನೆಯಿದ್ದ ಕಬಿಲ್ದೊ, ಗುಲಾಮರನ್ನು ಹೊರಗಿಟ್ಟ ಕಬಿಲ್ದೊ ಎಂದು ಅದನ್ನು ನೆನೆಯುವವರು ಕಡಿಮೆ. ಎರಡು ಶತಮಾನಗಳ ಆಡಳಿತವನ್ನು ಮೇ ತಿಂಗಳ ಕೆಲವು ದಿನಗಳು ನುಂಗಿಕೊಂಡಿವೆ. ಹಳೆಯ ಕಟ್ಟಡವನ್ನು ಉಳಿಸುವವರು ಅದರ ಎಲ್ಲ ದಿನಗಳನ್ನೂ ಉಳಿಸುವುದಿಲ್ಲ, ತಮಗೆ ಬೇಕಾದ ದಿನವನ್ನು ಆರಿಸಿಕೊಳ್ಳುತ್ತಾರೆ. ಈ ಮಾತು ನಮ್ಮೂರಿನ ವಿಷಯದಲ್ಲಿ ಮತ್ತೆ ಬರುತ್ತದೆ.

ನಮ್ಮ ಚಾವಡಿ, ಕಚೇರಿಗಳ ಭಾಷೆಯಲ್ಲೇ ನಿಲ್ಲುವುದು ಸೇರಿಕೊಂಡಿದೆ. ಶಿರಾ 1687ರಿಂದ 1757ರವರೆಗೆ ಮೊಗಲರ ಸುಬಾದ ಮುಖ್ಯ ಪಟ್ಟಣವಾಗಿತ್ತು. ತಾಲ್ಲೂಕು, ತಹಶೀಲ್ದಾರ, ಜಮಾಬಂದಿ, ಅರ್ಜಿ ಮುಂತಾದ ಪಾರಸಿ, ಅರಬ್ಬಿ ಮೂಲದ ಮಾತುಗಳು ಇಲ್ಲಿನ ಒಕ್ಕಲಿಗರ ನಾಲಗೆಯಲ್ಲಿ ಇವತ್ತಿಗೂ ಮನೆಮಾತಿನಂತೆ ಆಡುತ್ತವೆ. ಅವುಗಳಲ್ಲಿ 'ಹಾಜರು' ನನಗೆ ಬಹಳ ಅರ್ಥಗರ್ಭಿತವೆನಿಸುತ್ತದೆ. ಬಲವಿದ್ದವನು ಕರೆದಾಗ ಅವನೆದುರು ಇರುವುದು ಹಾಜರಾಗುವುದು. ಅಧಿಕಾರಿ ನಮ್ಮ ಮನೆಗೆ ಬಂದರೆ ಅವರು ಹಾಜರಾದರು ಎನ್ನುವುದಿಲ್ಲ, ದಯಮಾಡಿಸಿದರು ಎನ್ನುತ್ತೇವೆ.

ನಿಲ್ಲಿಸುವುದೇ ಶಿಕ್ಷೆಯಾಗಿದ್ದ ಕಾಲವೂ ಇತ್ತು. ಪಾವಗಡದ ಆಚೆಯ ಸೀಮೆ ಆಗ ಮದರಾಸು ಪ್ರಾಂತ್ಯ. ಆ ಪ್ರಾಂತ್ಯದಲ್ಲಿ ಕಂದಾಯ ವಸೂಲಿಗಾಗಿ ನಡೆಯುತ್ತಿದ್ದ ಹಿಂಸೆಯ ಬಗ್ಗೆ ವಿಚಾರಣೆ ನಡೆಸಿದ ಸಮಿತಿ 1855ರಲ್ಲಿ ವರದಿ ಕೊಟ್ಟಿತು. ಬಾಕಿ ಉಳಿಸಿಕೊಂಡ ರೈತನನ್ನು ಬಿಸಿಲಿನಲ್ಲಿ ನಿಲ್ಲಿಸುವುದು, ಊಟಕ್ಕೆ ಹೋಗಗೊಡದಿರುವುದು, ಅವನ ದನಗಳನ್ನು ಮೇಯಲು ಬಿಡದಿರುವುದು, ಬಗ್ಗಿಸಿ ಹಗ್ಗದಲ್ಲಿ ಬಿಗಿಯುವುದು ಇವೆಲ್ಲ ಅದರಲ್ಲಿವೆ. ಓದುವಾಗ ನನ್ನ ಗಮನ ಹಗ್ಗದ ಮೇಲೆ ನಿಲ್ಲಲಿಲ್ಲ. ಬಿಸಿಲು ಮತ್ತು ಹೊತ್ತು, ಈ ಎರಡನ್ನೂ ಆಯುಧ ಮಾಡಿಕೊಳ್ಳಲು ಖರ್ಚೇ ಇಲ್ಲವಲ್ಲ ಎಂದು ಅನಿಸಿತು. ನೆರಳಿನಲ್ಲಿ ಕೂತವನು ಏನೂ ಮಾಡಬೇಕಿಲ್ಲ, ಸುಮ್ಮನೆ ಕೂತಿದ್ದರೆ ಸಾಕು. ಅಂಥ ಕಡೆ ಜಗಲಿಯೂ ಮಾಳಿಗೆಯೂ ಕೃತ್ಯದಲ್ಲಿ ಪಾಲುದಾರರು. ಕಲ್ಲು ನಿರಪರಾಧಿ ಎಂಬ ಮಾತನ್ನು ನಾನು ಒಪ್ಪದಿರುವುದು ಇದಕ್ಕೇ. ಚಾಕುವಿನಂಥ ವಸ್ತು ಅದನ್ನು ಹಿಡಿದವನ ಕೈ ಬಿಟ್ಟ ಕೂಡಲೇ ಸುಮ್ಮನಾಗುತ್ತದೆ. ಕಟ್ಟಡ ಹಾಗಲ್ಲ. ಕಟ್ಟಿದವನು ಸತ್ತ ಮೇಲೂ ಜನರನ್ನು ಮೇಲೆ ಕೆಳಗೆ, ಒಳಗೆ ಹೊರಗೆ ಎಂದು ವಿಂಗಡಿಸುವ ಕೆಲಸವನ್ನು ತಾನೇ ಮುಂದುವರಿಸುತ್ತದೆ. ಅದಕ್ಕೆ ಮನಸ್ಸಿಲ್ಲ, ಆದ್ದರಿಂದ ಪಶ್ಚಾತ್ತಾಪವೂ ಇಲ್ಲ.

ಸ್ವಾತಂತ್ರ್ಯ ಬಂದ ಮೇಲೆ ಇದು ಬದಲಾಗಬೇಕಿತ್ತು, ಕೆಲವು ಕಡೆ ಬದಲಾಗಿದೆ ಕೂಡ. ಸಂವಿಧಾನದ 15ನೇ ವಿಧಿ ಬಾವಿ, ಕೆರೆ, ರಸ್ತೆ, ಸರ್ಕಾರದ ದುಡ್ಡಿನಲ್ಲಿ ನಡೆಯುವ ಸಾರ್ವಜನಿಕ ಜಾಗಗಳನ್ನು ಹೆಸರು ಹೇಳಿ ಎಲ್ಲರಿಗೂ ತೆರೆಯಿತು. ಅಂಬೇಡ್ಕರರು ಹಳ್ಳಿಯನ್ನು ರಾಜ್ಯವ್ಯವಸ್ಥೆಯ ಘಟಕವಾಗಿ ಒಪ್ಪದೆ ವ್ಯಕ್ತಿಯನ್ನೇ ಘಟಕವೆಂದು ಹಿಡಿದದ್ದು ಯಾಕೆ ಎಂದು ತಿಳಿಯಬೇಕಾದವರು ಒಂದು ಚಾವಡಿಯ ಅಂಗಳದಲ್ಲಿ ಹತ್ತು ನಿಮಿಷ ನಿಂತು ನೋಡಬಹುದು. ಆದರೆ ಹೊಸ ಸರ್ಕಾರವೂ ತನ್ನ ಕಟ್ಟಡಗಳಿಗೆ ಎತ್ತರವನ್ನೇ ಬಯಸಿತು. ವಿಧಾನಸೌಧಕ್ಕೆ ನೆಹರೂ 1951ರಲ್ಲಿ ಅಡಿಗಲ್ಲು ಹಾಕಿದರು, ಕೆಂಗಲ್ ಹನುಮಂತಯ್ಯನವರು ಅದನ್ನು ಪ್ರಜೆಗಳ ಅರಮನೆಯಾಗಿಯೇ ಕಂಡಿದ್ದರು, 1956ರಲ್ಲಿ ಮುಗಿಯಿತು. ಪೂರ್ವ ದಿಕ್ಕಿನ ಆ ವಿಶಾಲ ಮೆಟ್ಟಿಲುಗಳನ್ನು ಎದುರಿನಿಂದ ಹತ್ತಿ ಒಳಗೆ ಹೋದ ಪ್ರಜೆಯನ್ನು ನಾನಂತೂ ಕಂಡಿಲ್ಲ. ಬೇಲಿಯ ಈಚೆ ನಿಂತು ಫೋಟೊ ತೆಗೆಸಿಕೊಳ್ಳುತ್ತೇವೆ, ಕೆಲಸವಿದ್ದರೆ ಪಾಸು ಮಾಡಿಸಿಕೊಂಡು ಪಕ್ಕದ ಬಾಗಿಲಿನಿಂದ ಹೋಗುತ್ತೇವೆ.

ಬೆಂಗಳೂರಿನ ಪುಟ್ಟಣ್ಣ ಚೆಟ್ಟಿ ಪುರಭವನದ ಮೆಟ್ಟಿಲುಗಳ ಹಣೆಬರಹ ಚೆನ್ನಾಗಿತ್ತು. 1930ರ ದಶಕದ ಆ ಕಟ್ಟಡದ ಒಳಗೆ ನಾಟಕ, ಸನ್ಮಾನ, ಸಮಾರಂಭ. ಹೊರಗಿನ ಮೆಟ್ಟಿಲುಗಳ ಮೇಲೆ ಪೌರಕಾರ್ಮಿಕರು, ವಿದ್ಯಾರ್ಥಿಗಳು, ರೈತರು. ಒಳಗಿಗಿಂತ ಹೊರಗೇ ಪುರಭವನದ ಕೆಲಸ ನಡೆಯುತ್ತಿತ್ತು ಎನ್ನಬಹುದು. ಮೆಟ್ಟಿಲು ಕೂರಲು ಬಂದರೆ ಅದರ ಅರ್ಥವೇ ಬೇರೆಯಾಗುತ್ತದೆ. ಹತ್ತಿ ಹೋಗಬೇಕಾದ ಎತ್ತರ ಅದೇ ಸಾಲಾಗಿ ಕೂತು ಮುಖ ತೋರಿಸುವ ಸಭಾಂಗಣವಾಗುತ್ತದೆ. 2020ರ ಫೆಬ್ರುವರಿಯಲ್ಲಿ ಅಲ್ಲಿ ಪ್ರತಿಭಟನೆ ಬೇಡವೆಂದು ಬಿಬಿಎಂಪಿ ನಿರ್ಣಯ ಮಾಡಿತು. ಗಲಾಟೆಯಿಂದ ಸಭಾಂಗಣದ ಬಾಡಿಗೆ ವರಮಾನ ಕಡಿಮೆಯಾಗುತ್ತಿದೆ ಎಂಬುದು ಅದಕ್ಕೆ ಕೊಟ್ಟ ಕಾರಣಗಳಲ್ಲೊಂದು. ಆಮೇಲೆ ನಗರದ ಪ್ರತಿಭಟನೆಗಳಿಗೆಲ್ಲ ಫ್ರೀಡಂ ಪಾರ್ಕು ಎಂದು ಗೊತ್ತುಮಾಡಿದರು. ಫ್ರೀಡಂ ಪಾರ್ಕು ಹಿಂದೆ ಸೆಂಟ್ರಲ್ ಜೈಲು. ಕಬಿಲ್ದೊದಲ್ಲಿ ಸಭೆಯೂ ಸೆರೆಮನೆಯೂ ಒಂದೇ ಕಟ್ಟಡದಲ್ಲಿದ್ದುದನ್ನು ಓದಿ ಹುಬ್ಬೇರಿಸಿದ್ದ ನನಗೆ, ನಾವು ಮಾತನ್ನು ಸಭೆಯ ಮೆಟ್ಟಿಲಿನಿಂದ ಎಬ್ಬಿಸಿ ಹಳೆ ಜೈಲಿನ ಅಂಗಳಕ್ಕೆ ಕಳಿಸಿದ್ದೇವೆ ಎಂದು ಹೊಳೆದದ್ದು ತಡವಾಗಿ.

ಹಳ್ಳಿಯ ಮಟ್ಟದಲ್ಲಿ ಜಗಲಿಯ ಜಾಗಕ್ಕೆ ಕಿಟಕಿ ಬಂದಿದೆ. ಒಂದು ಕಚೇರಿಯಲ್ಲಿ (ಯಾವುದೆಂದು ಹೇಳುವ ಅಗತ್ಯವಿಲ್ಲ, ಎಲ್ಲವೂ ಹಾಗೇ ಇರುತ್ತವೆ) ನಮ್ಮ ಅಜ್ಜಿಯ ವೃದ್ಧಾಪ್ಯ ವೇತನದ ಕಾಗದಕ್ಕಾಗಿ ಅವರ ಜೊತೆ ನಾನು ಎರಡು ದಿನ ನಿಂತಿದ್ದೆ. ಕಿಟಕಿಯ ಕಂಬಿ ಅಜ್ಜಿಯ ಹಣೆಯ ಮಟ್ಟಕ್ಕಿತ್ತು. ಒಳಗಿದ್ದವರು ಒರಟರೇನೂ ಅಲ್ಲ. ಸರ್ವರ್ ಇರಲಿಲ್ಲ, ಅಷ್ಟೇ. ಜನ ನಿಲ್ಲುತ್ತಿದ್ದ ಜಾಗದಲ್ಲಿ ಒಂದು ಬೆಂಚು ಇರಲಿಲ್ಲ, ಒಂದು ಹೊಂಗೆ ಗಿಡವೂ ಇರಲಿಲ್ಲ. ಅಂಗವಿಕಲರಿಗೆಂದು ಮಾಡಿದ ಇಳಿಜಾರಿನ ಮೇಲೆ ಮೂರು ಬೈಕು ನಿಂತಿದ್ದವು. ಗಾಲಿಕುರ್ಚಿಗಾಗಿ ಕಟ್ಟಿದ ಆ ಇಳಿಜಾರು ನಮ್ಮ ಕಾಲದ ಸರ್ಕಾರಿ ಕಟ್ಟಡಗಳಲ್ಲಿ ನನಗೆ ಬಹಳ ಹಿಡಿಸುವ ಭಾಗ. ಕಟ್ಟಡವೇ "ನನ್ನ ಎತ್ತರದಿಂದ ನಿನಗೆ ತೊಂದರೆಯಾಗುತ್ತದೆ" ಎಂದು ಒಪ್ಪಿಕೊಂಡ ಹಾಗಿರುತ್ತದೆ. ಬೈಕುಗಳ ಮಾತು ಬೇರೆ.

ಕಾಯಿಸುವುದೂ ಒಂದು ಅನ್ಯಾಯ ಎಂದು ನಮ್ಮ ರಾಜ್ಯ ಕಾನೂನಿನಲ್ಲೇ ಒಪ್ಪಿಕೊಂಡಿದೆ. 2011ರ ಸಕಾಲ ಕಾಯ್ದೆಯ ಪ್ರಕಾರ ಗೊತ್ತಾದ ದಿನದೊಳಗೆ ಕೆಲಸವಾಗದಿದ್ದರೆ ದಿನಕ್ಕೆ 20 ರೂಪಾಯಿಯಂತೆ, ಹೆಚ್ಚೆಂದರೆ 500 ರೂಪಾಯಿ ಪರಿಹಾರ ಕೇಳಬಹುದು. ಮೊತ್ತ ನೋಡಿ ನಗು ಬರಬಹುದು, ನಾನು ನಗುವುದಿಲ್ಲ. ನಿನ್ನ ಒಂದು ದಿನಕ್ಕೆ ಬೆಲೆಯಿದೆ, ಅದನ್ನು ತಿಂದರೆ ನಾನು ಸಾಲಗಾರ ಎಂದು ಸರ್ಕಾರ ಬರೆದುಕೊಟ್ಟದ್ದು ಚಾವಡಿಯ ಚರಿತ್ರೆ ಓದಿದವರಿಗೆ ಸಣ್ಣ ಮಾತಲ್ಲ. ಕಾಯ್ದೆಗೆ ಕಾಣುವುದು ದಿನ ಮಾತ್ರ. ಆ ದಿನವನ್ನು ಕೂತು ಕಳೆದೆಯೋ ನಿಂತು ಕಳೆದೆಯೋ, ನೆರಳಿನಲ್ಲೋ ಬಿಸಿಲಿನಲ್ಲೋ ಎಂಬುದು ಅದಕ್ಕೆ ಕಾಣುವುದಿಲ್ಲ.

ಕೂರುವುದು ಅಷ್ಟು ದೊಡ್ಡ ವಿಷಯವೇ ಎಂದು ಕೇಳುವವರಿದ್ದಾರೆ. 2020ರಲ್ಲಿ ತಮಿಳುನಾಡಿನ ಕಡಲೂರು ಜಿಲ್ಲೆಯ ತೆರ್ಕು ತಿಟ್ಟೈ ಪಂಚಾಯಿತಿಯ ಸಭೆಯ ಒಂದು ಚಿತ್ರ ಎಲ್ಲೆಡೆ ಹರಿದಾಡಿತು. ಉಳಿದ ಸದಸ್ಯರು ಕುರ್ಚಿಗಳ ಮೇಲೆ, ಪಂಚಾಯಿತಿಯ ಅಧ್ಯಕ್ಷೆಯಾಗಿದ್ದ ದಲಿತ ಮಹಿಳೆ ನೆಲದ ಮೇಲೆ. ಕಾನೂನು ಅವರಿಗೆ ಅಧಿಕಾರ ಕೊಟ್ಟಿತ್ತು, ಕಟ್ಟಡದ ಬಾಗಿಲು ತೆರೆದಿತ್ತು, ಅವರು ಒಳಗೇ ಇದ್ದರು. ಪ್ರವೇಶ ಸಿಕ್ಕರೆ ಸಮಾನತೆ ಸಿಕ್ಕಿತು ಎಂದು ತಿಳಿದವರು ಆ ಚಿತ್ರವನ್ನು ನೋಡಬೇಕು. ಒಳಗೆ ಬಿಡುವುದು ಮನೆಯವನು ಭಿಕ್ಷುಕನಿಗೂ ಮಾಡಬಹುದಾದ ಕೆಲಸ. ಯಾರನ್ನೂ ಕೇಳದೆ, ಕೂತವರಷ್ಟೇ ಎತ್ತರದಲ್ಲಿ ಕೂರಲು ಆದರೆ ಮಾತ್ರ ಆ ಮನೆ ತನ್ನದೂ ಆಗುತ್ತದೆ. ಸಾರ್ವಜನಿಕ ಎಂಬ ಪದಕ್ಕೆ ಇದಕ್ಕಿಂತ ಕಡಿಮೆ ಅರ್ಥವನ್ನು ನಾನು ಈಗ ಒಪ್ಪಿಕೊಳ್ಳಲಾರೆ.

ಇಷ್ಟು ದೂರ ಬಂದ ಮೇಲೆ ನಮ್ಮೂರಿನ ಚಾವಡಿಯ ವಿಷಯಕ್ಕೆ ಬರಬೇಕು. ಮಾಳಿಗೆಯ ಒಂದು ಮೂಲೆ ಎರಡು ವರ್ಷದ ಹಿಂದಿನ ಮಳೆಗೆ ಕುಸಿದಿದೆ. ಕಂಬಗಳು ಗಟ್ಟಿಯಾಗಿವೆ. ಊರಿನ ಕೆಲವರು ಇದನ್ನು ಕೆಡವಿ ಸಮುದಾಯ ಭವನ ಕಟ್ಟೋಣ ಎನ್ನುತ್ತಾರೆ. ಇನ್ನು ಕೆಲವರು, ಮುಖ್ಯವಾಗಿ ಬೆಂಗಳೂರು ಸೇರಿದವರು, ಹಳೆಯ ಕಾಲದ್ದು, ಹಾಗೇ ದುರಸ್ತಿ ಮಾಡಿಸೋಣ, ಸುಣ್ಣ ಹೊಡೆದು ದೀಪ ಹಾಕಿದರೆ ಎಷ್ಟು ಚೆನ್ನ ಎನ್ನುತ್ತಾರೆ. ಇದರ ಮೇಲೆ ಪಿಎಚ್‌ಡಿ ಮಾಡುತ್ತಿರುವವನು ನಾನೇ ಆದ್ದರಿಂದ ನನ್ನ ಅಭಿಪ್ರಾಯ ಕೇಳಿದರು.

ಉಳಿಸಬೇಕು ಎಂದೆ. ನನ್ನ ಕಾರಣ ದೀಪ ಹಾಕುವವರದಲ್ಲ. ಜಗಲಿಯನ್ನು ಕೆಡವಿದರೆ ಅನ್ಯಾಯ ಹೋಗುವುದಿಲ್ಲ, ಅದರ ಸಾಕ್ಷಿ ಹೋಗುತ್ತದೆ. ಇನ್ನು ಇಪ್ಪತ್ತು ವರ್ಷಕ್ಕೆ ನಮ್ಮ ಕಡೆಯ ಹುಡುಗರು "ನಮ್ಮೂರಲ್ಲಿ ಹಾಗೆಲ್ಲ ಇರಲಿಲ್ಲ" ಎನ್ನುತ್ತಾರೆ, ತೋರಿಸಲು ಮೂರು ಅಡಿ ಎರಡು ಅಂಗುಲ ಇರುವುದಿಲ್ಲ. ಕೆಡವುವುದರಿಂದ ಮೇಲೆ ಕೂತವರ ಮೊಮ್ಮಕ್ಕಳಿಗೆ ಬಿಡುಗಡೆ ಸಿಗುತ್ತದೆ, ಕೆಳಗೆ ನಿಂತವರ ಮೊಮ್ಮಕ್ಕಳಿಗೆ ಏನೂ ಸಿಗುವುದಿಲ್ಲ.

ಇದನ್ನೆಲ್ಲ ನಾನು ಕಾಲೊನಿಯಲ್ಲಿ, ಆ ಗೆಳೆಯನ ಮನೆಯ ಮುಂದೆ ಕೂತು ಹೇಳಿದೆ. ಅವನು ಶಿರಾದಲ್ಲಿ ಒಂದು ಖಾಸಗಿ ಕಾಲೇಜಿನಲ್ಲಿ ಪಾಠ ಮಾಡುತ್ತಾನೆ. ಪೂರ್ತಿ ಕೇಳಿಸಿಕೊಂಡು, "ಸಾಕ್ಷಿ ಯಾರಿಗೆ ಬೇಕೋ?" ಎಂದ. "ನಮಗೆ ಗೊತ್ತಿದೆ, ಕಟ್ಟಡ ಬೇಕಾಗಿಲ್ಲ. ನಿಮಗೆ ಮರೆಯೋ ರೋಗ, ಅದಕ್ಕೆ ಔಷಧಿ ಅಂತ ನಾವು ದಿನಾ ಬಸ್‌ಸ್ಟಾಪಿಗೆ ಹೋಗೋ ದಾರೀಲಿ ಅದನ್ನ ನೋಡ್ಕೊಂಡು ಓಡಾಡಬೇಕಾ?"

ನನ್ನ ಬಳಿ ಉತ್ತರ ಇರಲಿಲ್ಲ, ಈಗಲೂ ಪೂರ್ತಿ ಇಲ್ಲ. ನೆನಪಿಟ್ಟುಕೊಳ್ಳುವುದು ಕರ್ತವ್ಯ ಎಂದು ನಾವು ಸಲೀಸಾಗಿ ಹೇಳುತ್ತೇವೆ. ಆ ಕರ್ತವ್ಯದ ಭಾರ ಎಲ್ಲರ ಮೇಲೂ ಸಮನಾಗಿ ಬೀಳುವುದಿಲ್ಲ. ನನಗೆ ಆ ಜಗಲಿ ಓದಿನ ವಸ್ತು, ಒಂದು ಅಧ್ಯಾಯ. ಅವನಿಗೆ ತನ್ನ ತಾತನ ಬೆನ್ನು. ಯಾರ ಬೆನ್ನಿನ ಕಥೆಯೋ ಅವರು ಹೇಳಿದಂತೆ ಆಗಲಿ ಎನ್ನುವುದೇ ನ್ಯಾಯ ಎಂದು ನನಗೆ ಅನ್ನಿಸುತ್ತದೆ. ಕೆಡವಬೇಕೆಂದರೆ ಕೆಡವಬೇಕು, ನನ್ನ ಅಧ್ಯಾಯ ಫೋಟೊಗಳ ಮೇಲೆ ನಡೆಯುತ್ತದೆ. ಆದರೆ ಅಲ್ಲೂ ಒಂದು ತೊಡಕಿದೆ. ತೀರ್ಮಾನವನ್ನು ಅವರಿಗೆ ಬಿಡುತ್ತೇವೆ ಎಂದು ಹೇಳುವವರು ಯಾರು? ಬಿಟ್ಟುಕೊಡುವ ಅಧಿಕಾರ ಇನ್ನೂ ನಮ್ಮ ಕೈಯಲ್ಲೇ ಇದೆ ಎಂದಲ್ಲವೇ ಅದರ ಅರ್ಥ? ಅದಕ್ಕೇ ಇದು ಗ್ರಾಮಸಭೆಗೆ ಹೋಗಬೇಕು. ಆರು ತಿಂಗಳಿಗೊಮ್ಮೆಯಾದರೂ ಸೇರಬೇಕಾದ, ಮತದಾರರ ಪಟ್ಟಿಯಲ್ಲಿರುವ ಎಲ್ಲರೂ ಸದಸ್ಯರಾಗಿರುವ ಸಭೆ ಅದು. ಬ್ಯೂನಸ್ ಐರಿಸ್‌ನ ಆ ದಿನಕ್ಕಿಂತ ಹೆಚ್ಚು ಬಹಿರಂಗವಾದದ್ದು, ಯಾರಿಗೂ ಓಲೆ ಬೇಡ. ನಮ್ಮಲ್ಲಿ ಅದು ನಡೆಯುವುದು ಚಾವಡಿಯ ಮುಂದೆಯೇ. ಅಧಿಕಾರಿಗಳ ಕುರ್ಚಿ, ಮೇಜು, ಮೈಕು ಜಗಲಿಯ ಮೇಲೆ; ಊರಿನವರು ಕೆಳಗೆ ಅಂಗಳದಲ್ಲಿ.

ಗೆಳೆಯನೇ ಮೂರನೆಯ ದಾರಿಯೊಂದನ್ನು ಹೇಳಿದ. ಕೆಡವುವುದೂ ಬೇಡ, ಸಿಂಗರಿಸುವುದೂ ಬೇಡ. ಅಂಗಳಕ್ಕೆ ಮಣ್ಣು ತುಂಬಿಸಿ ಜಗಲಿಯ ಮಟ್ಟಕ್ಕೆ ಏರಿಸಿ, ಮೇಲೆ ಕಲ್ಲು ಹಾಸಿ, ನಾಲ್ಕು ಹೊಂಗೆ ಗಿಡ ನೆಡುವುದು. ಜಗಲಿ ಇರುತ್ತದೆ, ಎತ್ತರ ಇರುವುದಿಲ್ಲ. ಎಲ್ಲಿಂದ ಎಲ್ಲಿಗೆ ಇತ್ತು ಎಂದು ತಿಳಿಯಲು ಒಂದು ಕಂಬದ ಬುಡದಲ್ಲಿ ಮಾತ್ರ ಹಳೆಯ ನೆಲದವರೆಗೆ ಗುಂಡಿ ಬಿಟ್ಟು ಕಂಬಿ ಹಾಕುವುದು. ನನಗೆ ಮೈ ಜುಮ್ಮೆಂದಿತು. ಅಲ್ಲೇ ಲೆಕ್ಕ ಹಾಕಲು ಕೂತೆವು. ಅಂಗಳ ಸುಮಾರು ನಲವತ್ತು ಅಡಿಗೆ ಐವತ್ತು, ಮೂರು ಅಡಿ ಎರಡು ಅಂಗುಲ ಏರಿಸಬೇಕು, ಹತ್ತಿರ ಹತ್ತಿರ ಆರು ಸಾವಿರದ ಮುನ್ನೂರು ಘನ ಅಡಿ ಮಣ್ಣು. ಕೆರೆ ಹೂಳು ಇದೆ, ಉದ್ಯೋಗ ಖಾತ್ರಿಯಲ್ಲಿ ಮಾಡಿಸಬಹುದು. ಮಳೆ ನೀರು ಅಕ್ಕಪಕ್ಕದ ಮನೆಗಳಿಗೆ ನುಗ್ಗದಂತೆ ಚರಂಡಿ ತಿರುಗಿಸಬೇಕು, ಅದೊಂದು ತಲೆನೋವು.

ಒಳಗೆ ಅವರೆಕಾಯಿ ಸುಲಿಯುತ್ತಿದ್ದ ಅವನ ತಾಯಿ ಇದನ್ನೆಲ್ಲ ಕೇಳಿಸಿಕೊಂಡು ಬಾಗಿಲಿಗೆ ಬಂದರು.

"ಅಷ್ಟು ಮಣ್ಣು ಹೊರೋರು ಯಾರಪ್ಪ?"

ಉದ್ಯೋಗ ಖಾತ್ರಿ ಕಾರ್ಡು ಹಿಡಿದು ಕೆಲಸಕ್ಕೆ ಹೋಗುವವರು ನಮ್ಮೂರಿನಲ್ಲಿ ಹೆಚ್ಚಿನವರು ಕಾಲೊನಿಯವರೇ. ಗೆಳೆಯ ಪೆನ್ನು ಕೆಳಗಿಟ್ಟ. ಮೊದಲ ನೂರು ಬುಟ್ಟಿ ನಾನೇ ಹೊರುತ್ತೇನೆ ಎಂದು ಹೇಳಬೇಕೆನ್ನಿಸಿತು, ಅದು ಫೋಟೊ ತೆಗೆಸಿಕೊಳ್ಳುವವರ ಮಾತಿನಂತೆ ಕೇಳೀತು ಎಂದು ಸುಮ್ಮನಾದೆ. ಅವರು ಉತ್ತರಕ್ಕೆ ಕಾಯದೆ ಒಳಗೆ ಹೋದರು.

ಕಳೆದ ಗ್ರಾಮಸಭೆಯ ವಿಷಯಪಟ್ಟಿಯಲ್ಲಿ ಚಾವಡಿ ಏಳನೆಯದು. ನಾಲ್ಕನೆಯದಾದ ಕುಡಿಯುವ ನೀರಿನ ಮೇಲೆ ಜಗಳವಾಗಿ ಮಧ್ಯಾಹ್ನ ಕಳೆಯಿತು, ಉಳಿದವನ್ನು ಮುಂದಿನ ಸಭೆಗೆ ಇಟ್ಟಿದ್ದಾರೆ. ಮಾರ್ಗದರ್ಶಕರು ಅಧ್ಯಾಯ ಯಾವಾಗ ಕೊಡುತ್ತೀಯ ಎಂದು ಕೇಳುತ್ತಿದ್ದಾರೆ. ಗೆಳೆಯ ಮಣ್ಣಿನ ಲೆಕ್ಕದ ಹಾಳೆಯನ್ನು ತನ್ನ ಹತ್ತಿರವೇ ಇಟ್ಟುಕೊಂಡಿದ್ದಾನೆ, ಟ್ರ್ಯಾಕ್ಟರಿಗೆ ಎಷ್ಟಾಗುತ್ತದೆ ಎಂದು ವಿಚಾರಿಸುತ್ತಿದ್ದಾನಂತೆ.